ಗೊಂಬೆಮನೆಯಂತೆ ಮನೆತೋಟದ ಗೇಟೂ ತೆರೆಯಲಿ

ಮಾನ್ಯ ಸಂಪಾದಕರೇ,

ಬೆಳಗಿನ ವಾಯುವಿಹಾರದ ನೆಪದಲ್ಲಿ ಪರರ ಮನೆಯಂಗಳದ ಹೂಗಳನ್ನು ಕಿತ್ತು ಚೀಲ ತುಂಬಿಕೊಳ್ಳುವವರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಓದುಗರೊಬ್ಬರು ತಮ್ಮ ಪತ್ರಿಕೆಯ ಇದೇ ಅಂಕಣದಲ್ಲಿ ಒತ್ತಾಯಿಸಿದ್ದರು. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ನಾನೂ ಹಲವು ವರ್ಷ ಅದೇ ಸಿಟ್ಟಿನಲ್ಲಿ ಬೆಳಗು ಮಾಡಿದವಳು. ಮೈಸೂರಿನ ಸರಸ್ವತಿಪುರಂನ ನಮ್ಮ ರಸ್ತೆಯಲ್ಲಿ ಐದೂವರೆ ಗಂಟೆಗೆ, ಇನ್ನೂ ಬೀದಿದೀಪ ಆರುವ ಮೊದಲೇ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ತುದಿಗೆ ತಂತಿಕೊಕ್ಕೆ ಕಟ್ಟಿದ ಕೋಲು ಹಿಡಿದು ಬರುವವರನ್ನು ಕಿಟಕಿಯಿಂದ ನೋಡುತ್ತಿದ್ದೆ. ಹೂ ಹೋದುದಕ್ಕಿಂತ ಕೊಕ್ಕೆ ಹಾಕಿ ಎಳೆದಾಗ ದಾಸವಾಳದ ಕೊಂಬೆ ಸೀಳಿ ಜೋತು ಬೀಳುತ್ತಿದ್ದುದೇ ನನಗೆ ಹೆಚ್ಚು ಸಂಕಟ ಉಂಟುಮಾಡುತ್ತಿತ್ತು. ಕಾಂಪೌಂಡನ್ನು ಎರಡು ಸಾಲು ಇಟ್ಟಿಗೆಯಷ್ಟು ಎತ್ತರಿಸಿದೆವು. ಕೋಲು ಎರಡು ಅಡಿ ಉದ್ದವಾಯಿತು, ಅಷ್ಟೆ.

ಕೊನೆಗೆ ಒಂದು ದಿನ, ಅದು ಔದಾರ್ಯದಿಂದಲ್ಲ, ಬೇಸರದಿಂದ, ನಂದಬಟ್ಟಲು, ಕಣಗಿಲೆ, ಒಂದಿಷ್ಟು ದಾಸವಾಳ ಮತ್ತು ಸ್ಫಟಿಕದ ಹೂಗಳನ್ನು ನಾನೇ ಬಿಡಿಸಿ, ಬೆತ್ತದ ಹಳೆಯ ಬುಟ್ಟಿಯೊಂದರಲ್ಲಿ ತುಂಬಿ, ‘ಪೂಜೆಗೆ ಬೇಕಾದವರು ಒಂದು ಹಿಡಿ ತೆಗೆದುಕೊಳ್ಳಬಹುದು, ಗಿಡ ಮುಟ್ಟಬೇಡಿ’ ಎಂದು ಬರೆದ ರಟ್ಟಿನೊಡನೆ ಗೇಟಿಗೆ ನೇತುಹಾಕಿದೆ. ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಎರಡು ಸಲ ಬುಟ್ಟಿಯೇ ಮಾಯವಾಯಿತು. ಒಂದು ಹಿಡಿಯ ಬದಲು ಇಡೀ ಬುಟ್ಟಿಯನ್ನು ಕವರಿಗೆ ಸುರಿದುಕೊಂಡವರೂ ಇದ್ದರು. ಆದರೆ ಆರು ತಿಂಗಳೊಳಗೆ ಕೊಂಬೆ ಸೀಳುವುದು ಬಹುಮಟ್ಟಿಗೆ ನಿಂತಿತು, ಮತ್ತು ನಾನು ಎಣಿಸಿರದ ಇನ್ನೊಂದು ಸಂಗತಿ ನಡೆಯಿತು: ಜನ ಗೇಟಿನ ಬಳಿ ನಿಂತು ಮಾತನಾಡತೊಡಗಿದರು. ‘ಈ ಬಿಳಿ ದಾಸವಾಳದ ಒಂದು ಕೊನೆ ಕೊಡುತ್ತೀರಾ, ಅಮ್ಮ?’ ಎಂದು ಮೊದಲು ಕೇಳಿದವರು, ನಾನು ಮನಸ್ಸಿನಲ್ಲಿ ನೂರು ಸಲ ಬೈದುಕೊಂಡಿದ್ದ, ಆ ಕೊಕ್ಕೆಕೋಲಿನ ಹಿರಿಯರೇ. ಅವರಿಗೆ ಕೊಟ್ಟ ಕೊನೆ, ಅಂದರೆ ನೆಡಲೆಂದು ಕತ್ತರಿಸಿದ ಕಡ್ಡಿ, ಈಗ ಅವರ ಮನೆಯಲ್ಲಿ ಆಳೆತ್ತರಕ್ಕೆ ಬೆಳೆದಿದೆ, ಅವರು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟಿದ್ದಾರೆ!

ಹೂ ಕೀಳುವವರ ವಿಷಯವನ್ನು ಅಲ್ಲಿಗೇ ಬಿಡುತ್ತೇನೆ. ಈ ಪತ್ರದ ಉದ್ದೇಶ ಬೇರೆ. ಕೆಲವು ದಶಕಗಳ ಹಿಂದಿನವರೆಗೂ ಮೈಸೂರಿನ ಮನೆತೋಟಗಳು ಯಾವ ಒಂದು ಮನೆಗೂ ಸೇರಿದವಾಗಿರಲಿಲ್ಲ, ಅವು ಬೀದಿಯ ಸೊತ್ತಾಗಿದ್ದವು. ಅದನ್ನು ಮತ್ತೆ ಸ್ವಲ್ಪವಾದರೂ ತರಬೇಕಾದರೆ ಅದಕ್ಕೆ ದಸರೆಗಿಂತ ಒಳ್ಳೆಯ ಹೊತ್ತು ಬೇರೊಂದಿಲ್ಲ ಎಂಬುದನ್ನು ಓದುಗರ ಮುಂದಿಡಲು ಬಯಸುತ್ತೇನೆ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳಾದ್ದರಿಂದ ಒಂದು ಸಣ್ಣ ಪಾಠವನ್ನು ಓದುಗರು ಸಹಿಸಿಕೊಳ್ಳಬೇಕು. ನಮ್ಮೂರಿನ ಹೆಸರು ಹೊತ್ತು ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯನ್ನೂ ಪಡೆದಿರುವ ಮೈಸೂರು ಮಲ್ಲಿಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಹಲವು ಸುತ್ತಿನ ದಾಸವಾಳವೂ ಹಾಗೆಯೇ, ನಂದಬಟ್ಟಲಿನ ಜೋಡಿ ಎಸಳಿನ ಬಗೆಯೂ ಹೆಚ್ಚುಕಡಿಮೆ ಹಾಗೆಯೇ. ಗಾಳಿ, ಹಕ್ಕಿ, ನೀರು ಯಾವುದೂ ಈ ಗಿಡಗಳನ್ನು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಒಯ್ಯಲಾರದು. ಅವು ಹೋಗಬೇಕಾದರೆ ಯಾರೋ ಒಬ್ಬರು ಕೊನೆ ಕತ್ತರಿಸಿ ಕೊಡಬೇಕು, ಇಲ್ಲವೇ ಬಳ್ಳಿಯನ್ನು ಮಣ್ಣಿಗೆ ಬಗ್ಗಿಸಿ ಬೇರು ಬರಿಸಿ ಕೊಡಬೇಕು. ಹಾಗಾಗಿ ಇಂದು ಮೈಸೂರಿನ ಯಾವ ಅಂಗಳದಲ್ಲಿ ಮಲ್ಲಿಗೆ ಅರಳಿದ್ದರೂ ಅದರ ಹಿಂದೆ ಕೊಟ್ಟ ಕೈಯೊಂದು ಇದ್ದೇ ಇರುತ್ತದೆ, ಆ ಕೈಯ ಹಿಂದೆ ಇನ್ನೊಂದು. ‘ಅವರ ಕೈಗುಣ ಚೆನ್ನಾಗಿದೆ’ ಎಂದು ಹಿರಿಯರು ಹೇಳುತ್ತಿದ್ದುದು ನೆಟ್ಟವರನ್ನು ಕುರಿತಷ್ಟೇ ಅಲ್ಲ, ಕೊಟ್ಟವರನ್ನು ಕುರಿತೂ ಆಗಿತ್ತು.

ನನ್ನ ಮಲ್ಲಿಗೆಯ ಕತೆಯನ್ನೇ ಹೇಳುತ್ತೇನೆ. 1984ರಲ್ಲಿ ನಾವು ಈ ಮನೆಗೆ ಬಂದಾಗ ಶ್ರೀರಂಗಪಟ್ಟಣದ ತವರುಮನೆಯಿಂದ ನನ್ನ ತಾಯಿ ಬೇರು ಬಂದ ಒಂದು ಬಳ್ಳಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಅದನ್ನು ನೆಟ್ಟೆವು. ಇಪ್ಪತ್ತೈದು ವರ್ಷ ಅದು ಪ್ರತಿ ಬೇಸಿಗೆಯಲ್ಲೂ ಹೂ ಕೊಟ್ಟಿತು, ಏಪ್ರಿಲ್ ತಿಂಗಳಲ್ಲಿ ಮೊಳಕ್ಕೆ ಬರ ಇರಲಿಲ್ಲ. ತಾಯಿ ತೀರಿಕೊಂಡ ಕೆಲವು ವರ್ಷಗಳ ಮೇಲೆ ನಾವು ಮನೆ ಕೆಡವಿ ಕಟ್ಟಿಸಿದೆವು. ಗಿಡದ ಸುತ್ತ ಹಗ್ಗ ಕಟ್ಟಿ, ಅಲ್ಲಿ ಏನನ್ನೂ ಸುರಿಯಬೇಡಿರೆಂದು ಎಷ್ಟು ಹೇಳಿದರೂ ಕೇಳದೆ ಕೆಲಸದವರು ಅಲ್ಲಿಯೇ ಜಲ್ಲಿ ಸುರಿದರು, ಸಿಮೆಂಟು ಕಲಸಿದ ಬಾಂಡಲಿಗಳನ್ನು ಅಲ್ಲಿಯೇ ತೊಳೆದರು. ಮನೆಯ ಗೃಹಪ್ರವೇಶಕ್ಕೆ ಮುಂಚೆ ಮಲ್ಲಿಗೆ ಒಣಗಿಹೋಗಿತ್ತು.

ಪೇಟೆಯಲ್ಲಿ ಮಲ್ಲಿಗೆ ಗಿಡಕ್ಕೇನೂ ಕೊರತೆಯಿಲ್ಲ, ಆದರೆ ನನಗೆ ಬೇಕಾಗಿದ್ದುದು ಆ ಗಿಡ. ಬಹಳ ಹಿಂದೆ ಮೂರನೆಯ ಮನೆಯಲ್ಲಿ ಬಾಡಿಗೆಗಿದ್ದ ಒಬ್ಬರಿಗೆ ಅದರ ಬಳ್ಳಿ ಕೊಟ್ಟಿದ್ದು ನೆನಪಾಗಿ, ಅವರು ಈಗೆಲ್ಲಿದ್ದಾರೆಂದು ವಿಚಾರಿಸಿಕೊಂಡು ನಮ್ಮೂರಿನದೇ ಹೆಬ್ಬಾಳಿಗೆ ಸಿಟಿ ಬಸ್ಸಿನಲ್ಲಿ ಹೋದೆ. ಮನೆ ಬದಲಿಸುವಾಗೆಲ್ಲ ಅವರು ಮಲ್ಲಿಗೆಯನ್ನೂ ಒಂದು ಡಬ್ಬದಲ್ಲಿ ಜೊತೆಗೆ ಒಯ್ದಿದ್ದರು. ಹೊಸ ಮನೆಯ ಹಿತ್ತಿಲಿನಲ್ಲಿ ಅದು ಪೊದೆಯಾಗಿ ಹಬ್ಬಿತ್ತು. ‘ಇದು ನಿಮ್ಮದೇ ಅಲ್ಲವೇ, ಕೇಳುವುದೇನು’ ಎಂದು ಮೂರು ಕೊನೆ ಕತ್ತರಿಸಿ ಕೊಟ್ಟರು. ಒಂದು ಬೇರು ಬಿಟ್ಟಿತು. ಸಸ್ಯಶಾಸ್ತ್ರದ ಲೆಕ್ಕದಲ್ಲಿ, ಕೊನೆಯಿಂದ ಬೆಳೆದ ಗಿಡ ತಾಯಿಗಿಡದ ಮಗುವಲ್ಲ, ಅದೇ ಗಿಡ. ನಾನು ತರಗತಿಯಲ್ಲಿ ಮೂವತ್ತು ವರ್ಷ ಹೇಳಿದ ಈ ಮಾತು ನನಗೇ ಮನದಟ್ಟಾದದ್ದು ಆ ವರ್ಷ. ಅಂದು ಆ ಬಳ್ಳಿಯನ್ನು ಕೊಡದೆ ಉಳಿಸಿಕೊಂಡಿದ್ದರೆ ನನ್ನ ತಾಯಿಯ ಮಲ್ಲಿಗೆ ಜಲ್ಲಿಯ ಕೆಳಗೆ ಮುಗಿದುಹೋಗುತ್ತಿತ್ತು.

ಗಿಡ ಹೀಗೆ ಕೈಯಿಂದ ಕೈಗೆ ಸಾಗುವುದು ಬರಿಯ ಹೆಂಗಸರ ಹಿತ್ತಿಲ ವ್ಯವಹಾರವೆಂದು ಯಾರೂ ಹಗುರವಾಗಿ ಎಣಿಸಬಾರದು. ನಮ್ಮ ಅಡುಗೆಮನೆಯ ಸೀಮೆ ಬದನೆಕಾಯಿಯನ್ನು ತೆಗೆದುಕೊಳ್ಳಿ. ಅದರ ಮೂಲ ಮೆಕ್ಸಿಕೋ ಕಡೆಯದು. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರೂನ್ ಅದನ್ನು ಬೆಂಗಳೂರಿಗೆ ತಂದರು. ಆ ಕಾಲದ ಸಸ್ಯೋದ್ಯಾನಗಳು ಒಂದಕ್ಕೊಂದು ಬೀಜ, ಸಸಿಗಳನ್ನು ಕಳುಹಿಸಿಕೊಳ್ಳುತ್ತಿದ್ದವು. ಲಾಲ್‌ಬಾಗಿನಿಂದಾಚೆಗೆ ಅದನ್ನು ಹಬ್ಬಿಸಿದವರು ಮಾತ್ರ ಮನೆಮನೆಯ ಜನ. ಈ ಬಳ್ಳಿಯ ಬೀಜವನ್ನು ಕಾಯಿಯಿಂದ ಬೇರ್ಪಡಿಸಿ ಬಿತ್ತುವಂತಿಲ್ಲ, ಮೊಳೆತ ಇಡೀ ಕಾಯಿಯನ್ನೇ ನೆಡಬೇಕು. ಆದ್ದರಿಂದ ಅಡುಗೆಗೆಂದು ತಂದು ಮೂಲೆಯಲ್ಲಿ ಮರೆತ ಕಾಯಿ ಮೊಳಕೆಯೊಡೆದರೆ ‘ನಿಮ್ಮಲ್ಲಿ ಚಪ್ಪರವಿದೆಯಲ್ಲ, ನೆಡಿ’ ಎಂದು ಪಕ್ಕದ ಮನೆಗೆ ಕೊಡುವ ರೂಢಿ ಬೆಳೆಯಿತು. ಫಲ ಬಂದಾಗ ಮೊದಲ ನಾಲ್ಕು ಕಾಯಿ ಕೊಟ್ಟವರ ಮನೆಗೆ ಹಿಂದಿರುಗುತ್ತಿದ್ದವು.

ಬ್ರಹ್ಮಕಮಲವೂ ಅಷ್ಟೆ. ನಾವು ಹಾಗೆ ಕರೆಯುವ ಈ ಗಿಡ ಹಿಮಾಲಯದ ಬ್ರಹ್ಮಕಮಲವಲ್ಲ, ಅಮೆರಿಕ ಖಂಡದಿಂದ ಬಂದ ಒಂದು ಕಳ್ಳಿ. ನಾವು ಎಲೆಯೆಂದು ಕಿತ್ತು ಕೊಡುವುದು ಅದರ ಚಪ್ಪಟೆಯಾದ ಕಾಂಡ. ಇದನ್ನು ಹೇಳಿ ನಾನು ಹಲವು ಮನೆಗಳಲ್ಲಿ ರಸಭಂಗ ಮಾಡಿದ್ದೇನೆ, ಈಗೀಗ ಹೇಳುವುದನ್ನು ಬಿಟ್ಟಿದ್ದೇನೆ. ಹೆಸರಿನ ತಕರಾರು ಏನೇ ಇರಲಿ, ಆ ಹೂವಿನ ಸುತ್ತ ನಮ್ಮ ಬೀದಿಗಳಲ್ಲಿ ನಡೆಯುತ್ತಿದ್ದ ಒಂದು ಆಚರಣೆಗೆ ನನ್ನ ಬಳಿ ಹೋಲಿಕೆಯಿಲ್ಲ. ಸಂಜೆ ಮೊಗ್ಗು ಉಬ್ಬಿರುವುದನ್ನು ಕಂಡ ಕೂಡಲೇ ಮನೆಯ ಹುಡುಗರು ಓಡಿ ಹೋಗಿ ‘ಇವತ್ತು ರಾತ್ರಿ ಅರಳುತ್ತದೆ, ಬರಬೇಕಂತೆ’ ಎಂದು ಅಕ್ಕಪಕ್ಕದ ಹತ್ತು ಮನೆಗೆ ಹೇಳಿಬರುತ್ತಿದ್ದರು. ಊಟ ಮುಗಿಸಿ ಒಂಬತ್ತು ಗಂಟೆಯ ಮೇಲೆ ಜನ ಬರುತ್ತಿದ್ದರು. ಮಕ್ಕಳು ನಿದ್ದೆಗಣ್ಣಿನಲ್ಲಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಹೂ ಬಿರಿಯುವುದನ್ನು ಕಾಯುತ್ತ ಹೆಂಗಸರು ಬೀದಿಯ ಸುದ್ದಿಯನ್ನೆಲ್ಲ ಮುಗಿಸುತ್ತಿದ್ದರು. ಅರಳಿದ ಮೇಲೆ ದೀಪ ಹಚ್ಚಿ, ಆರತಿ ಎತ್ತಿ, ಬಂದವರಿಗೆ ಅರಿಶಿನ ಕುಂಕುಮ ಕೊಟ್ಟು, ಕೇಳಿದವರಿಗೆ ಒಂದೊಂದು ‘ಎಲೆ’ ಕೊಟ್ಟು ಕಳುಹಿಸುತ್ತಿದ್ದರು. ಬೆಳಗಾಗುವುದರೊಳಗೆ ಬಾಡಿಹೋಗುವ ಹೂವಾದುದರಿಂದ ಅದನ್ನು ಒಬ್ಬರೇ ನೋಡಿ ಮುಗಿಸುವುದು ಸರಿಯಲ್ಲವೆಂಬ ಭಾವನೆ ಎಲ್ಲರಲ್ಲಿಯೂ ಇತ್ತು. ಈಗ ಅದೇ ಹೂವಿನ ಚಿತ್ರ ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ಬರುತ್ತದೆ, ನಾಲ್ಕನೆಯ ಮನೆಯಿಂದ.

ಏನು ಬದಲಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಅಂಗಳಕ್ಕೆ ಟೈಲ್ಸು ಬಂತು, ಕಾಂಪೌಂಡು ಎದ್ದಿತು, ಗೇಟಿನ ಸರಳುಗಳಿಗೆ ತಗಡು ಹೊದಿಸಲಾಯಿತು. ಗಿಡ ಬೇಕೆಂದರೆ ನರ್ಸರಿಯಿದೆ, ಕೇಳುವ ಸಂಕೋಚವೂ ಇಲ್ಲ, ಕೊಡುವ ಗೋಜೂ ಇಲ್ಲ. ನರ್ಸರಿಯವರನ್ನು ನಾನು ದೂರುತ್ತಿಲ್ಲ. ಕಸಿ ಗುಲಾಬಿ, ಕಸಿ ಮಾವು ಅವರಿಲ್ಲದೆ ನಮಗೆ ಸಿಗುವುದಿಲ್ಲ. ಆದರೆ ಒಂದೆಲಗ, ದೊಡ್ಡಪತ್ರೆ, ಮಜ್ಜಿಗೆಹುಲ್ಲು, ಚಕ್ರಮುನಿ, ಬಸಳೆ ಇಂಥವನ್ನೂ ಕೊಂಡು ತರುವ ಸ್ಥಿತಿ ಬಂದಿರುವುದು ನನಗೆ ವಿಚಿತ್ರವಾಗಿ ತೋರುತ್ತದೆ. ಇವನ್ನು ನೆಟ್ಟವರು ಪ್ರತಿ ತಿಂಗಳೂ ಕಿತ್ತು ಎಸೆಯಬೇಕಾಗುತ್ತದೆ, ಅಷ್ಟು ಹಬ್ಬುತ್ತವೆ.

ಇಲ್ಲಿಗೆ ದಸರೆಯ ಮಾತು. ನಾಡಹಬ್ಬದ ಹೊತ್ತಿಗೆ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಮನೆತೋಟಗಳಿಗೂ ಸ್ಪರ್ಧೆಗಳಿರುತ್ತವೆ. ಸ್ಪರ್ಧೆಗೆ ಹೆಸರು ಕೊಟ್ಟವರು ತಿಂಗಳುಗಟ್ಟಲೆ ಕುಂಡಗಳಿಗೆ ಕೆಮ್ಮಣ್ಣು ಬಳಿದು, ಹುಲ್ಲುಹಾಸು ಕತ್ತರಿಸಿ, ಒಣಗಿದ ಒಂದೊಂದು ಎಲೆಯನ್ನೂ ಆರಿಸಿ ತೆಗೆದು ಕಾದಿರುತ್ತಾರೆ. ತೀರ್ಪುಗಾರರು ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಆ ಬಳಿಕ ಗೇಟು ಮುಚ್ಚುತ್ತದೆ. ಅಷ್ಟು ಚೆಂದದ ತೋಟವೊಂದು ತಮ್ಮ ಬೀದಿಯಲ್ಲಿಯೇ ಇತ್ತೆಂಬುದು ನೆರೆಯವರಿಗೆ ತಿಳಿಯುವುದು ಬಹುಮಾನದ ಪಟ್ಟಿ ಪ್ರಕಟವಾದ ಮೇಲೆ.

ಅದೇ ಹತ್ತು ದಿನಗಳಲ್ಲಿ ಇದೇ ಊರಿನ ನೂರಾರು ಮನೆಗಳಲ್ಲಿ ಗೊಂಬೆ ಕೂರಿಸಿರುತ್ತಾರೆ. ಗೊಂಬೆ ಕೂರಿಸಿದ ಮನೆಯ ಬಾಗಿಲು ಸಂಜೆ ಮುಚ್ಚಿರುವುದಿಲ್ಲ. ‘ಗೊಂಬೆ ಕೂರಿಸಿದ್ದೀರಾ?’ ಎಂದು ಕೇಳುತ್ತ ಬರುವ ಮಕ್ಕಳು ಯಾರ ಮನೆಯವರೆಂದು ಯಾರೂ ವಿಚಾರಿಸುವುದಿಲ್ಲ. ಒಳಗೆ ಕರೆದು, ಪಟ್ಟದ ಗೊಂಬೆ ತೋರಿಸಿ, ಹಾಡು ಬಂದರೆ ಹಾಡಿಸಿ, ಗೊಂಬೆ ಬಾಗಿನವೆಂದು ಚಕ್ಕುಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಕೈಗೆ ಕೊಟ್ಟು ಕಳುಹಿಸುತ್ತೇವೆ. ಅಪರಿಚಿತರಿಗೆ ಮನೆ ತೆರೆಯುವುದು ನಮ್ಮೂರಿಗೆ ಯಾರೂ ಹೊಸದಾಗಿ ಕಲಿಸಬೇಕಾದದ್ದಲ್ಲ. ಗೊಂಬೆಗೆ ಸಲ್ಲುವ ಈ ರೀತಿ ತೋಟಕ್ಕೂ ಏಕೆ ಸಲ್ಲಬಾರದು? ಸ್ಪರ್ಧೆಯಲ್ಲಿ ಭಾಗವಹಿಸುವ ತೋಟಗಳು ನವರಾತ್ರಿಯ ಯಾವುದಾದರೂ ಮೂರು ಸಂಜೆ, ನಾಲ್ಕರಿಂದ ಆರರವರೆಗೆ, ಎಲ್ಲರಿಗೂ ತೆರೆದಿರಬೇಕೆಂದು ನಿಯಮ ಮಾಡಬಹುದು. ಬಂದವರಿಗೆ ಬಾಗಿನದಂತೆ ಒಂದು ಕೊನೆಯನ್ನೋ, ಚಿಟಿಕೆ ಬೀಜವನ್ನೋ ಕೊಡುವುದಕ್ಕೆ ಅಂಕಗಳಲ್ಲಿ ಒಂದು ಪಾಲು ಇರಬಹುದು. ಕಾಲವೂ ಅನುಕೂಲವೇ ಆಗಿದೆ: ಮೈಸೂರಿಗೆ ಮೇ ತಿಂಗಳಂತೆ ಅಕ್ಟೋಬರಿನಲ್ಲಿಯೂ ಒಳ್ಳೆಯ ಮಳೆ ಬೀಳುವುದರಿಂದ ಆಗ ನೆಟ್ಟ ಕೊನೆ ಒಣಗುವ ಭಯ ಕಡಿಮೆ, ಮತ್ತು ಮಳೆಗಾಲ ಹಿಂದೆ ಸರಿಯುವ ಆ ಹೊತ್ತಿನಲ್ಲಿ ಗುಲಾಬಿಯನ್ನು ಹೇಗೂ ಸವರಬೇಕಾಗಿರುತ್ತದೆ. ಸವರಿದ ಪನ್ನೀರು ಗುಲಾಬಿಯ ಕಡ್ಡಿಗಳು ಕಸದ ಗಾಡಿಗೆ ಹೋಗುವ ಬದಲು ಇನ್ನೊಂದು ಅಂಗಳಕ್ಕೆ ಹೋಗಲಿ.

ಇದು ಬರಿಯ ಬಾಯಿಮಾತಲ್ಲ. ಕಳೆದ ದಸರೆಯಲ್ಲಿ ನಮ್ಮ ರಸ್ತೆಯ ನಾಲ್ಕು ಮನೆಯವರು ಸೇರಿ, ಯಾವ ಸ್ಪರ್ಧೆಯ ಹಂಗೂ ಇಲ್ಲದೆ, ಇದನ್ನು ಮಾಡಿ ನೋಡಿದೆವು. ತೆರೆದಿರುವ ಮನೆಗೆ ಗುರುತಾಗಲೆಂದು ಗೇಟಿಗೆ ಮಾವಿನ ಸೊಪ್ಪು ಕಟ್ಟಿದೆವು. ಹಳೆಯ ವೃತ್ತಪತ್ರಿಕೆಯನ್ನು ಒದ್ದೆ ಮಾಡಿ ಕೊನೆಗಳನ್ನು ಸುತ್ತಿಟ್ಟು, ಮೇಲೆ ಗಿಡದ ಹೆಸರು ಬರೆದೆವು. ಮೊದಲ ಸಂಜೆ ಬಂದವರು ಹನ್ನೊಂದು ಜನ, ಅವರಲ್ಲಿ ಆರು ಮಂದಿ ಗೊಂಬೆ ನೋಡಲು ಹೊರಟು ಹೂ ಕಂಡು ಒಳಬಂದ ಮಕ್ಕಳು. ಮೂರನೆಯ ಸಂಜೆಗೆ ಎಣಿಕೆ ತಪ್ಪಿತು. ತೊಂದರೆಗಳೂ ಆದವು. ಒಬ್ಬ ಹುಡುಗ ಬಲಿಯದ ಸೀತಾಫಲಗಳನ್ನು ಜೇಬಿಗಿಳಿಸಿದ. ಎದುರುಮನೆಯವರ ನಾಯಿ ಇಡೀ ಸಂಜೆ ಬೊಗಳಿ ಅವರಿಗೇ ಸಾಕುಬೇಕಾಯಿತು. ಕೊಡುವ ಉತ್ಸಾಹದಲ್ಲಿ ನಾನು ಕಾಕಡವನ್ನು ಎಷ್ಟು ಸವರಿದೆನೆಂದರೆ ಅದು ಆ ಚಳಿಗಾಲದಲ್ಲಿ ಹೂವನ್ನೇ ಬಿಡಲಿಲ್ಲ. ಮುಸ್ಸಂಜೆಯ ಮೇಲೆ ಗಿಡ ಮುಟ್ಟಬಾರದು, ಅದು ಮಲಗಿರುತ್ತದೆ ಎಂದು ಹಿರಿಯರೊಬ್ಬರು ಆಕ್ಷೇಪಿಸಿದ್ದರಿಂದ ಎರಡನೆಯ ದಿನದಿಂದ ಕೊನೆಗಳನ್ನು ಬೆಳಿಗ್ಗೆಯೇ ಕತ್ತರಿಸಿಟ್ಟೆವು. ಶಾಸ್ತ್ರ ಏನೇ ಇರಲಿ, ಬಿಸಿಲೇರುವ ಮೊದಲು ಕತ್ತರಿಸಿದ ಕೊನೆಯಲ್ಲಿ ನೀರಿನಂಶ ಹೆಚ್ಚಿರುವುದರಿಂದ ಅದೇ ಒಳ್ಳೆಯ ಪದ್ಧತಿ.

ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಹೂಗಿಡವನ್ನಲ್ಲ ಎಂಬುದು ನನಗೆ ಆಶ್ಚರ್ಯ ತಂದಿತು. ಅಪಾರ್ಟ್‌ಮೆಂಟಿನಿಂದ ಬಂದವರಿಗೆ ಬೇಕಾಗಿದ್ದುದು ಕರಿಬೇವಿನ ಮರಿ, ದೊಡ್ಡಪತ್ರೆ, ಒಂದೆಲಗ. ಬಾಲ್ಕನಿಯಲ್ಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತದೆಂದು ನಾನು ಕೇಳುತ್ತಿದ್ದೆ, ಅವರು ಮೊಬೈಲಿನಲ್ಲಿ ಬಾಲ್ಕನಿಯ ಚಿತ್ರ ತೋರಿಸುತ್ತಿದ್ದರು. ಅಲ್ಲೇ ನಿಂತು ಯಾವ ಗಿಡ ಎಲ್ಲಿಡಬೇಕೆಂದು ತೀರ್ಮಾನವಾಗುತ್ತಿತ್ತು. ಬೆಂಗಳೂರಿನಲ್ಲಿ ತಾರಸಿ ತೋಟದವರು ವರ್ಷಗಳಿಂದ ಒಂದೆಡೆ ಸೇರಿ ಬೀಜ, ಸಸಿ, ಅನುಭವಗಳನ್ನು ಹಂಚಿಕೊಳ್ಳುತ್ತ ಬಂದಿದ್ದಾರೆ. ಶಿರಸಿ ಕಡೆ ಮಲೆನಾಡಿನ ಹೆಂಗಸರು ಹಿತ್ತಿಲ ತರಕಾರಿಯ ಬೀಜಗಳನ್ನು ಕಾಪಾಡಿ ಮೇಳದಲ್ಲಿ ಹಂಚುತ್ತಾರೆ. ಮೈಸೂರು ಹಿಂದೆ ಬೀಳಲು ಕಾರಣವಿಲ್ಲ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು, ಏಕೆಂದರೆ ಗಿಡ ಕೊಡುವವರು ಕೆಲವೊಮ್ಮೆ ಕೀಟವನ್ನೂ ಕೊಡುತ್ತಾರೆ. ಪರಂಗಿ, ದಾಸವಾಳಗಳಿಗೆ ಬೂದಿ ಸುರಿದಂತೆ ಅಂಟಿಕೊಳ್ಳುವ ಪರಂಗಿ ಹಿಟ್ಟು ತಿಗಣೆ ಹೊರದೇಶದಿಂದ ಬಂದದ್ದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಎರಡೇ ವರ್ಷದಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಹರಡಿತು. ಅದನ್ನು ಹದ್ದುಬಸ್ತಿಗೆ ತರಲು 2010ರಲ್ಲಿ ಪೋರ್ಟರಿಕೊದಿಂದ ಆ ತಿಗಣೆಯನ್ನು ಕೊಲ್ಲುವ ಅತಿ ಸಣ್ಣ ಕಣಜದ ಹುಳುಗಳನ್ನು ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ತರಿಸಿ, ಸಾಕಿ, ತೋಟಗಳಿಗೆ ಬಿಡಬೇಕಾಯಿತು. ಆದ್ದರಿಂದ ಕೊನೆ ಕೊಡುವ ಮುನ್ನ ಎಲೆಯ ಹಿಂಬದಿ ತಿರುಗಿಸಿ ನೋಡಬೇಕು, ಬಿಳಿಯ ಹತ್ತಿಯಂಥದು ಕಂಡರೆ ಕೊಡಲೇಬಾರದು. ಕುಂಡದ ಮಣ್ಣಿನ ಸಮೇತ ಕೊಡುವವರು ಮಣ್ಣನ್ನು ಒಮ್ಮೆ ಕೆದಕಿ ನೋಡಲಿ. ಸಾಬಕ್ಕಿ ಕಾಳಿನಂಥ ಮೊಟ್ಟೆಗಳಿದ್ದರೆ ಅವು ಆಫ್ರಿಕನ್ ಬಸವನಹುಳುವಿನವು ಆಗಿರಬಹುದು, ಅದನ್ನು ಬೀದಿಗೆ ಹಬ್ಬಿಸಿದ ಅಪಕೀರ್ತಿ ಯಾರಿಗೂ ಬೇಡ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷವೆಂಬುದನ್ನು ಪುಟ್ಟ ಮಕ್ಕಳಿರುವ ಮನೆಯವರಿಗೆ ಕೊಡುವಾಗಲೇ ಹೇಳಬೇಕು.

ತೋಟವೆಂದರೆ ನೀರಿನ ದುಂದು ಎನ್ನುವವರಿದ್ದಾರೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಸಾರಿದ್ದು ನೆನಪಿರಬಹುದು. ಅಕ್ಕಿ, ತರಕಾರಿ ತೊಳೆದ ನೀರಿನಲ್ಲೇ ನಮ್ಮ ತಾಯಂದಿರು ತೋಟ ಮಾಡಿದರು, ಈಗಲೂ ಅದು ಸಾಧ್ಯ. ಆ ಬೇಸಿಗೆಯಲ್ಲಿ ನನ್ನ ಒಂದು ಗಿಡವೂ ಒಣಗಲಿಲ್ಲ.

ಸ್ಪರ್ಧೆ ನಡೆಸುವವರಲ್ಲಿ ನನ್ನ ಕೋರಿಕೆಯನ್ನು ಮೇಲೆ ಹೇಳಿದ್ದೇನೆ. ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆಯಿದೆ. ಬಾಡಿಗೆ ಮನೆ, ಹಳೆಯ ವಾಹನಗಳಿಗೆ ದೊರೆಯುವಂತೆ ವಾರಕ್ಕೊಮ್ಮೆ ನಾಲ್ಕು ಸಾಲಿನ ಜಾಗವನ್ನು ‘ನಮ್ಮಲ್ಲಿದೆ, ನಮಗೆ ಬೇಕು’ ಎಂಬ ಗಿಡಗಳ ಪಟ್ಟಿಗೆ ಮೀಸಲಿಟ್ಟರೆ, ಬಾಳೆಕಂದು ಹೆಚ್ಚಾಗಿ ಏನು ಮಾಡುವುದೆಂದು ತಿಳಿಯದವರು ಮತ್ತು ಒಂದು ಬಾಳೆಕಂದಿಗಾಗಿ ಊರು ಸುತ್ತುವವರು ಪರಸ್ಪರ ಭೇಟಿಯಾದಾರು.

ಈ ದಸರೆಯಲ್ಲಿ ನಮ್ಮ ರಸ್ತೆಯಲ್ಲಿ ಏಳು ಮನೆಗಳು ತೆರೆದಿರುತ್ತವೆ. ಪಂಚಮಿ, ಷಷ್ಠಿ, ಸಪ್ತಮಿಯ ಸಂಜೆಗಳು. ಮಾವಿನ ಸೊಪ್ಪು ಕಟ್ಟಿದ ಗೇಟನ್ನು ತಳ್ಳಿಕೊಂಡು ಯಾರು ಬೇಕಾದರೂ ಬರಬಹುದು. ಮಕ್ಕಳಿಗೆಂದು ಕನಕಾಂಬರದ ಒಣಕಾಯಿಗಳನ್ನು ಈಗಿನಿಂದಲೇ ಕೂಡಿಡುತ್ತಿದ್ದೇನೆ, ಒಂದು ಬಟ್ಟಲು ನೀರಿಗೆ ಹಾಕಿದರೆ ಅವು ಚಟ್ಟೆಂದು ಸಿಡಿದು ಬೀಜ ಹಾರುವುದನ್ನು ಅವರೇ ನೋಡಲಿ. ಬರುವವರು ತಮ್ಮದೊಂದು ಚೀಲ ತಂದರೆ ಅನುಕೂಲ. ಮಲ್ಲಿಗೆಯನ್ನು ಮಾತ್ರ ಈ ಸಲ ಕೇಳಬೇಡಿ. ಬೇರು ಬಂದಿರುವ ಎಂಟು ಬಳ್ಳಿಗಳಿಗೂ ಆಗಲೇ ಮಾತು ಕೊಟ್ಟಾಗಿದೆ, ಮುಂದಿನ ವರ್ಷಕ್ಕೆ ಹೆಸರು ಬರೆಸಿ ಹೋಗಬಹುದು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿ,
ಸರಸ್ವತಿಪುರಂ, ಮೈಸೂರು